ಗ್ರೋ ರೂಮಿಗೆ ಸಿಒ2 (ಕಾರ್ಬನ್ ಡೈಆಕ್ಸೈಡ್) ಕಂಟ್ರೋಲರ್: 4 ಸ್ಟಾರ್
ಲೆಟ್ಯೂಸ್, ಬೇಸಿಲ್ ಬೆಳೆಯೋ ರೂಮಿಗೆ ತಗೊಂಡಿದ್ದು, ಸಿಲಿಂಡರ್ರು ರೆಗ್ಯುಲೇಟರ್ರು ಬೇರೆ ತಗೋಬೇಕು. ಹೊರಗಿನ ಗಾಳೀಲಿ ಸಿಒ2 ಸುಮಾರು 420 ಪಿಪಿಎಂ (ಅಂದ್ರೆ ಹತ್ತು ಲಕ್ಷಕ್ಕೆ 420 ಭಾಗ) ಇರುತ್ತೆ, ಬಾಗಿಲು ಮುಚ್ಚಿದ ರೂಮಲ್ಲಿ ಗಿಡಗಳು ಎಳ್ಕೊಂಡು ಅದಕ್ಕಿಂತ್ಲೂ ಕೆಳಗೆ ಇಳಿದುಬಿಡುತ್ತೆ, ಇದ್ರಲ್ಲಿ 1000 ಸೆಟ್ ಮಾಡಿಟ್ರೆ ಕಮ್ಮಿ ಆದ ತಕ್ಷಣ ವಾಲ್ವ್ ಟಕ್ ಅಂತ ತೆರ್ಕೊಂಡು ಮತ್ತೆ ತುಂಬಿಸುತ್ತೆ. ಲೈಟ್ ಆಫ್ ಆದ್ರೆ ತಾನೇ ನಿಲ್ಲುತ್ತೆ, ಅದು ನಂಗೆ ತುಂಬಾ ಇಷ್ಟ ಆಯ್ತು, ಕತ್ತಲಲ್ಲಿ ಕೊಟ್ರೆ ಬರೀ ವೇಸ್ಟು. ಎಲೆ ಚೆನ್ನಾಗಿ ಬರ್ತಿದೆ. ಆದ್ರೆ ಲೈಟ್ ಸಾಲ್ದೇ ಇದ್ರೆ, ಎಕ್ಸಾಸ್ಟ್ ಫ್ಯಾನ್ ಓಡ್ತಾನೇ ಇದ್ರೆ ಅಷ್ಟೇನೂ ಉಪಯೋಗ ಇಲ್ಲ.

ಗ್ಯಾಸ್ ಲೀಕಾದ್ರೆ ಎಚ್ಚರಿಸೋ ಅಲಾರಂ ಕೊಟ್ಟಿಲ್ಲ, ಅದಕ್ಕೇ ಒಂದು ಸ್ಟಾರ್ ಕಟ್. ಈ ಗ್ಯಾಸಿಗೆ ಬಣ್ಣ ಇಲ್ಲ ವಾಸನೆ ಇಲ್ಲ, ಗಾಳಿಗಿಂತ ಭಾರ, ಲೀಕಾದ್ರೆ ನೆಲದ ಹತ್ರ ಸೇರ್ಕೊಂಡು ಗೊತ್ತಾಗದೇ ಉಸಿರುಗಟ್ಟಿಸಬಹುದು, ಬೇರೆ ಅಲಾರಂ ಹಾಕ್ಸದೆ ದಯವಿಟ್ಟು ಆನ್ ಮಾಡ್ಬೇಡಿ.