ಸಿಕ್ಕಿಂ: ಉತ್ತರದ ಸರೋವರವೋ, ಪಶ್ಚಿಮದ ಗೊಂಪಗಳೋ?

ಐದು ದಿನದ ರಜೆಯಲ್ಲಿ ಸರೋವರ, ಗೊಂಪ (ಬೌದ್ಧ ಮಠ) ಎರಡನ್ನೂ ತುರುಕಿದರೆ ಅರ್ಧ ಪ್ರವಾಸ ಜೀಪಿನಲ್ಲೇ ಕಳೆಯುತ್ತದೆ. ಒಂದನ್ನೇ ಆರಿಸಿಕೊಳ್ಳಿ.

ಉತ್ತರಕ್ಕೆ ಹೋಗುವವರ ಗುರಿ ಗುರುಡೋಂಗ್ಮಾರ್ ಸರೋವರ. ಅದಿರುವುದು 5,000 ಮೀಟರಿಗೂ ಮೇಲೆ. ಹಿಂದಿನ ರಾತ್ರಿ ತಂಗುವ ಲಾಚೆನ್ ಸುಮಾರು 2,700 ಮೀಟರ್. ಒಂದೇ ಬೆಳಗಿನಲ್ಲಿ ಇಷ್ಟು ಏರಿದಾಗ ತಲೆನೋವು, ವಾಂತಿ ಸಾಮಾನ್ಯ. ಪುಟ್ಟ ಮಕ್ಕಳು, ಹೃದಯ ಅಥವಾ ಉಸಿರಾಟದ ತೊಂದರೆಯಿರುವ ಹಿರಿಯರು ಜೊತೆಗಿದ್ದರೆ ಬೇಡವೇ ಬೇಡ. ಪರವಾನಗಿಯನ್ನು ನೋಂದಾಯಿತ ಏಜೆಂಟರ ಮೂಲಕ ಮಾಡಿಸಬೇಕು. ಗುರುತಿನ ಚೀಟಿಯ ಪ್ರತಿ, ಪಾಸ್‌ಪೋರ್ಟ್ ಅಳತೆಯ ಫೋಟೊ ಇಟ್ಟುಕೊಳ್ಳಿ. ವಿದೇಶಿ ಪಾಸ್‌ಪೋರ್ಟಿನ ನೆಂಟರಿಗೆ ಸರೋವರದವರೆಗೆ ಪ್ರವೇಶವಿಲ್ಲ. 2023ರ ಅಕ್ಟೋಬರ್‌ನ ತೀಸ್ತಾ ಪ್ರವಾಹ ಈ ರಸ್ತೆಗಳನ್ನು ಕೊಚ್ಚಿಹಾಕಿತ್ತು. ಹೊರಡುವ ಮುನ್ನ ದಾರಿ ತೆರೆದಿದೆಯೇ ಎಂದು ವಿಚಾರಿಸಿ.

ಇತಿಹಾಸ ಬೇಕೆನ್ನುವವರಿಗೆ ಪಶ್ಚಿಮವೇ ಸರಿ. ಪೆಲ್ಲಿಂಗ್‌ನಲ್ಲಿ ಎರಡು ರಾತ್ರಿ, ಯುಕ್ಸೊಮ್‌ನಲ್ಲಿ ಒಂದು ಸಾಕು. 1642ರಲ್ಲಿ ಮೊದಲ ಚೋಗ್ಯಾಲ್ (ಸಿಕ್ಕಿಂನ ರಾಜ) ಫುಂಟ್ಸೊಗ್ ನಮ್‌ಗ್ಯಾಲ್‌ಗೆ ಪಟ್ಟ ಕಟ್ಟಿದ ಕಲ್ಲಿನ ಪೀಠ ಯುಕ್ಸೊಮ್‌ನಲ್ಲಿ ಇಂದಿಗೂ ಇದೆ. ಎರಡನೆಯ ರಾಜಧಾನಿ ರಬ್ದೆಂತ್ಸೆಯ ಅವಶೇಷಗಳಿಗೆ ಕಾಡುದಾರಿಯಲ್ಲಿ ನಡೆಯಬೇಕು. ಮಳೆಗಾಲದಲ್ಲಿ ಜಿಗಣೆ ಕಾಟ, ಮಲೆನಾಡಿನವರಿಗೆ ಹೊಸತೇನಲ್ಲ. ಪೆಮಯಾಂಗ್ಟ್ಸೆ ಗೊಂಪದಲ್ಲಿ ಮೇಲಿನ ಅಂತಸ್ತು ತಪ್ಪಿಸಬೇಡಿ: ಏಳು ಹಂತದ ಮರದ ಕೆತ್ತನೆ ಅಲ್ಲಿದೆ, ಒಳಗೆ ಫೋಟೊ ನಿಷಿದ್ಧ. ಟಿಬೆಟನ್ ಪಂಚಾಂಗದ ಮೊದಲ ತಿಂಗಳ ಹುಣ್ಣಿಮೆಗೆ ಹೋದರೆ ತಾಶಿಡಿಂಗ್ ಗೊಂಪದಲ್ಲಿ ಬುಮ್‌ಚು ಹಬ್ಬ. ಪವಿತ್ರ ಕಲಶದ ನೀರಿನ ಮಟ್ಟ ನೋಡಿ ವರ್ಷಭವಿಷ್ಯ ಹೇಳುತ್ತಾರೆ. ಆಗ ಕೋಣೆ ಸಿಗುವುದು ಕಷ್ಟ, ಮೊದಲೇ ಕಾಯ್ದಿರಿಸಿ.