ಶನಿವಾರ ಬಂದ ಜ್ವರ: ನಮ್ಮ ಕ್ಯಾಂಪಸ್ ಹೆಲ್ತ್ ಸೆಂಟರಿನಲ್ಲಿ ನಾಲ್ಕು ವರ್ಷ

ಸೆಂಟರಿನ ಸಮಯ, ವೈದ್ಯರ ಪಟ್ಟಿ ಎಲ್ಲ ಕಾಲೇಜಿನ ಕೈಪಿಡಿಯಲ್ಲೇ ಇದೆ. ಹಾಸ್ಟೆಲಿನಲ್ಲಿದ್ದ ಈ ನಾಲ್ಕು ವರ್ಷದಲ್ಲಿ ಎರಡು ಸಲ ಫ್ಲೂ ಬಂದು ಮಲಗಿದ್ದೆ. ಅದನ್ನಷ್ಟೇ ಹೇಳುತ್ತೇನೆ.

ಮೊದಲ ವರ್ಷ, ಶನಿವಾರ ಮಧ್ಯಾಹ್ನ ಇದ್ದಕ್ಕಿದ್ದಂತೆ ಚಳಿ ಹತ್ತಿತು. ಗಂಟೆಯೊಳಗೆ ಮೈಕೈಯೆಲ್ಲ ನೋವು, 103 ಡಿಗ್ರಿ ಜ್ವರ. ಸೆಂಟರಿಗೆ ಆಗಲೇ ಬೀಗ ಬಿದ್ದಿತ್ತು. ಭಾನುವಾರ ರಜೆ. ಸೋಮವಾರ ಗೆಳತಿಯ ಹೆಗಲು ಹಿಡಿದು ಹೋದರೆ ಬಾಗಿಲಾಚೆಗೂ ಸಾಲು. ಅದರಲ್ಲಿ ಎಷ್ಟೋ ಜನ ಔಷಧಿಗೆ ಬಂದವರಲ್ಲ, ಹಾಜರಾತಿಗೆ ಮೆಡಿಕಲ್ ಸರ್ಟಿಫಿಕೇಟ್ ಬೇಕಾಗಿ ಬಂದವರು. ನನ್ನ ಸರದಿ ಬಂದಾಗ ಮಧ್ಯಾಹ್ನ ಎರಡು ದಾಟಿತ್ತು. ಫ್ಲೂ ವೈರಸ್ಸಿಗೆ ಕೊಡುವ ಒಸೆಲ್ಟಮಿವಿರ್ ಮಾತ್ರೆಯನ್ನು ಜ್ವರ ಶುರುವಾದ 48 ಗಂಟೆಯೊಳಗೆ ತೆಗೆದುಕೊಂಡರೆ ಹೆಚ್ಚು ಉಪಯೋಗ ಎಂದು ವೈದ್ಯರು ಹೇಳಿದರು. ಬೀಗದ ಎದುರು, ಸಾಲಿನಲ್ಲಿ, ಆ 48 ಗಂಟೆ ಮುಗಿದುಹೋಗಿತ್ತು. ಜ್ವರಕ್ಕಿಂತ ಅದೇ ಹೆಚ್ಚು ಸಂಕಟ ಕೊಟ್ಟಿತು. ನನ್ನ ರೂಮ್‌ಮೇಟ್‌ಗೆ ಆಸ್ತಮಾ. ಫ್ಲೂ ಲಕ್ಷಣ ಕಾಣುವ ಹಿಂದಿನ ದಿನದಿಂದಲೇ ಹರಡಬಲ್ಲದು ಎಂದು ತಿಳಿದ ಮೇಲೆ ನನಗೆ ನಿದ್ದೆ ಬರಲಿಲ್ಲ.

ಮೂರನೇ ವರ್ಷ ಮತ್ತೆ ಬಂತು, ಮತ್ತೆ ವಾರಾಂತ್ಯದಲ್ಲೇ. ಅಷ್ಟರಲ್ಲಿ ರಜಾದಿನಕ್ಕೊಂದು ಫೋನ್ ನಂಬರ್ ಕೊಟ್ಟಿದ್ದರು. ಸಿಸ್ಟರ್ ವೈದ್ಯರನ್ನು ಕೇಳಿ ಅಂದೇ ಮಾತ್ರೆ ಕಳಿಸಿದರು, ರೂಮ್‌ಮೇಟ್‌ಗೆ ಬೇರೆ ಕೋಣೆ ಕೊಡಿಸಿದರು. ಆ್ಯಂಟಿಬಯೋಟಿಕ್ ಬೇಡವೇ ಎಂದು ಕೇಳಿದೆ. "ಇದು ವೈರಸ್ ಅಮ್ಮಾ, ಅದಕ್ಕೆ ಇದು ಬಗ್ಗಲ್ಲ" ಎಂದರು. ಒಂದು ಚೀಟಿಯಲ್ಲಿ ಜ್ವರ ಎಷ್ಟು, ಪ್ಯಾರಸಿಟಮಾಲ್ ನುಂಗಿದ್ದು ಎಷ್ಟು ಹೊತ್ತಿಗೆ ಎಂದು ಬರೆದಿಡಲು ಹೇಳಿದರು. ದಿಂಬಿನ ಪಕ್ಕ ಪೆನ್ನು, ಥರ್ಮಾಮೀಟರ್, ನೀರಿನ ಬಾಟಲಿ. ರಾತ್ರಿ ಎಚ್ಚರವಾದಾಗಲೆಲ್ಲ ಒಂದು ಸಾಲು ಬರೆಯುತ್ತಿದ್ದೆ. ಅಂಕಿ ಇಳಿಯುವುದನ್ನು ನೋಡಿದರೇ ಅರ್ಧ ಧೈರ್ಯ ಬರುತ್ತಿತ್ತು.

ನಾಲ್ಕನೇ ದಿನ ಅವರೇ ಫೋನ್ ಮಾಡಿದರು. "ಇಳಿದ ಜ್ವರ ಮತ್ತೆ ಏರಿತಾ? ಉಸಿರು ಎಳೆದುಕೊಂಡಾಗ ಎದೆ ನೋಯುತ್ತಾ?" ಹಾಗಾದರೆ ನ್ಯುಮೋನಿಯಾ ಇರಬಹುದು, ತಡಮಾಡದೆ ಬಾ ಎಂದರು. ಮಾತ್ರೆಯಿಲ್ಲದೆ 24 ಗಂಟೆ ಜ್ವರ ಬಾರದಿದ್ದರೆ ಮಾತ್ರ ಕ್ಲಾಸಿಗೆ ಹೋಗು ಎಂದೂ ಹೇಳಿದರು. ಆ ಒಂದು ಫೋನಿಗಾಗಿ ಸೆಂಟರಿನ ಮೇಲಿದ್ದ ನನ್ನ ಕೋಪವೆಲ್ಲ ಇಳಿಯಿತು.

ಸರ್ಟಿಫಿಕೇಟಿನ ಸಾಲು ಮಾತ್ರ ಇನ್ನೂ ಹಾಗೇ ಇದೆ. ಜ್ವರವಿರುವವರನ್ನು ಒಂದು ಕಾಗದಕ್ಕಾಗಿ ಒತ್ತೊತ್ತಾಗಿ ನಿಲ್ಲಿಸುವುದು ತಪ್ಪು. ಅದಕ್ಕೇ ಸೆಂಟರಿಗೆ ನಾನು ಕೊಡುವುದು ಐದರಲ್ಲಿ ಮೂರೇ ಅಂಕ.

ಲಸಿಕೆ ಶಿಬಿರವನ್ನೂ ಮೊದಲು ಅರ್ಧ ಹಾಸ್ಟೆಲ್ ಕೆಮ್ಮುತ್ತಿರುವಾಗ ಇಡುತ್ತಿದ್ದರು. ಲಸಿಕೆ ಮೈಗೂಡಲು ಎರಡು ವಾರ ಬೇಕು, ವೈರಸ್ ಬದಲಾಗುತ್ತಿರುವುದರಿಂದ ಪ್ರತಿವರ್ಷವೂ ಹಾಕಿಸಬೇಕು. ನಾವು ಕೆಲವರು ಸಹಿ ಹಾಕಿ ಮನವಿ ಕೊಟ್ಟೆವು. ಈ ವರ್ಷ ಶಿಬಿರ ಒಂದು ತಿಂಗಳು ಮುಂಚೆಯೇ ಆಯಿತು. ಮೊದಲು ತೋಳು ಚಾಚಿದವಳು ನನ್ನ ರೂಮ್‌ಮೇಟ್.