ಎಟಿವಿಯ ಹಿಂಬದಿ ಬ್ರೇಕ್: ಪ್ಯಾಡ್, ಪೈಪ್, ಪಿನ್ ಮತ್ತು ಬೇವಿನ ಮರದ ಲೆಕ್ಕ

ತಿಕೋಟಾ ಕಡೆಯ ನಮ್ಮ ದ್ರಾಕ್ಷಿ ತೋಟದಲ್ಲಿ ಬೇವಿನ ಮರದಿಂದ ಕೃಷಿ ಹೊಂಡದ ಬದುವಿಗೆ ಮೂವತ್ತು ಹೆಜ್ಜೆ. ದಾರಿ ತುಸು ಇಳಿಜಾರು. ಔಷಧದ ಕ್ಯಾನ್ ಹೇರಿಕೊಂಡು ಬರುತ್ತಿದ್ದ ಎಟಿವಿ, ಅಂದರೆ ಹೊಲದಲ್ಲಿ ಓಡಿಸುವ ನಾಲ್ಕು ಗಾಲಿಯ ಸಣ್ಣ ಗಾಡಿ, ಒಂದು ದಿನ ಮರದ ಬಳಿ ನಿಲ್ಲಲಿಲ್ಲ, ಬದುವಿನ ಬುಡಕ್ಕೆ ಹೋಗಿ ನಿಂತಿತು. ಪೆಡಲ್ ಪೂರ್ತಿ ಕೆಳಗಿಳಿದಿತ್ತು, ನನ್ನ ಜೀವ ಬಾಯಿಗೆ ಬಂದಿತ್ತು.

ಮಳೆಯಾದ ಮೇಲೆ ಎರೆಮಣ್ಣಿನ ಸಾಲುಗಳಿಗೆ ಟ್ರ್ಯಾಕ್ಟರ್ ಇಳಿಸುವಂತಿಲ್ಲ ಎಂದೇ ಈ ಗಾಡಿಯನ್ನು ಹಳೆಯದಾಗಿ ಕೊಂಡಿದ್ದೆ. ಹಿಂದಿನ ಎರಡೂ ಗಾಲಿಗಳಿಗೆ ಒಂದೇ ಆಕ್ಸಲ್, ಆ ಆಕ್ಸಲ್‌ಗೆ ಒಂದೇ ಡಿಸ್ಕ್, ಅದನ್ನು ಹಿಡಿಯಲು ಒಂದೇ ಕ್ಯಾಲಿಪರ್. ಅದು ಸೋತರೆ ಹಿಂಭಾಗಕ್ಕೆ ಬೇರೆ ಆಸರೆಯಿಲ್ಲ. ಒಬ್ಬರು ಡಿಸ್ಕನ್ನು ಒತ್ತಿ ಹಿಡಿಯುವ ಪ್ಯಾಡ್ ಬದಲಿಸಿ ಎಂದರು, ಇನ್ನೊಬ್ಬರು ಬ್ರೇಕ್ ಆಯಿಲಿಗೆ ಸ್ಟೀಲ್ ಪೈಪ್ ಹಾಕಿಸಿ ಎಂದರು, ಮತ್ತೊಬ್ಬರು ಪೆಡಲ್ ಒತ್ತಿದಾಗ ಆಯಿಲನ್ನು ತಳ್ಳುವ ಮಾಸ್ಟರ್ ಸಿಲಿಂಡರ್‌ನ ರಬ್ಬರ್ ಕಿಟ್ ಹೋಗಿದೆ ಎಂದು ತೀರ್ಪು ಕೊಟ್ಟರು. ಹಟ ಹಿಡಿದು ಒಂದೊಂದನ್ನೂ ಮಾಡಿ ನೋಡಿದೆ. ಅಳತೆಗೋಲು ಬೇವಿನ ಮರವೇ: ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಬಂದು, ಮರ ದಾಟುವಾಗ ಹಿಂದಿನ ಬ್ರೇಕ್ ಮಾತ್ರ ಒತ್ತಿ, ನಿಂತಲ್ಲಿಗೆ ಹೆಜ್ಜೆ ಎಣಿಸುವುದು. ಎಣಿಸುವ ಕೆಲಸ ಅಣ್ಣನ ಮಗನದು. ಮೊದಲ ದಿನದ ಲೆಕ್ಕ 21 ಹೆಜ್ಜೆ.

ಮೊದಲ ಸರದಿ ಸಾದಾ ಆರ್ಗ್ಯಾನಿಕ್ ಪ್ಯಾಡ್‌ನದು. ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡು ವಿಜಯಪುರದ ಅಂಗಡಿಗೆ ಹೋಗಿ, ಆಕಾರ ಹೊಂದಿಸಿ ನೋಡಿ, 350 ರೂಪಾಯಿ ಕೊಟ್ಟು ತಂದೆ. 16 ಹೆಜ್ಜೆಗೆ ನಿಂತಿತು. ಗೆದ್ದೆ ಎಂದುಕೊಂಡೆ. ವಾರ ಕಳೆಯುವಷ್ಟರಲ್ಲಿ ಮತ್ತೆ 19. ಬಿಚ್ಚಿದಾಗ ಒಂದು ಪ್ಯಾಡ್ ಗಾಜಿನಂತೆ ಹೊಳೆಯುತ್ತಿತ್ತು, ಇನ್ನೊಂದು ಅಂಗಡಿಯಿಂದ ತಂದಂತೆಯೇ ಇತ್ತು. ಅಲ್ಲಿಯೇ ಉತ್ತರವಿತ್ತು, ಆದರೆ ನನ್ನ ಕಣ್ಣಿಗೆ ಅಂದು ಬೀಳಲಿಲ್ಲ.

ಅದರ ಬದಲು 1400 ರೂಪಾಯಿಯ ಸ್ಟೀಲ್ ಹೆಣಿಗೆಯ ಪೈಪ್ ತರಿಸಿದೆ. ಹಳೆಯ ರಬ್ಬರ್ ಪೈಪ್ ಒತ್ತಡಕ್ಕೆ ಉಬ್ಬುತ್ತದೆ, ಸ್ಟೀಲ್ ಉಬ್ಬುವುದಿಲ್ಲ ಎಂಬ ಮಾತು ಸುಳ್ಳಲ್ಲ. ಆದರೆ ನಮ್ಮ ಗಾಡಿಯಲ್ಲಿ ಪೆಡಲ್‌ನಿಂದ ಕ್ಯಾಲಿಪರ್‌ವರೆಗಿನ ಪೈಪ್ ಒಂದು ಮಾರೂ ಇಲ್ಲ. ಉಬ್ಬಿದರೂ ಎಷ್ಟು ಉಬ್ಬೀತು? ಹೊಸ ಪೈಪ್ ಕೂಡಿಸಿ, ಎಂದಿನಂತೆ ಪೆಡಲ್ ಒತ್ತಿ, ಕ್ಯಾಲಿಪರ್‌ನಲ್ಲಿರುವ ನಿಪ್ಪಲ್ ಎಂಬ ಸಣ್ಣ ತಿರುಪನ್ನು ಸಡಿಲಿಸಿ, ಆಯಿಲಿನಲ್ಲಿ ಸಿಕ್ಕಿಕೊಂಡ ಏರ್ ತೆಗೆದೆ. ಪೆಡಲ್ ಸ್ಪಂಜಿನಂತೆಯೇ ಉಳಿಯಿತು. ಲೆಕ್ಕ 18 ಹೆಜ್ಜೆ.

ಆಗ ಗಾಡಿಯನ್ನು ಗೂಡ್ಸ್ ಟೆಂಪೊಗೆ ಏರಿಸಿ ಊರಿನ ಮೆಕ್ಯಾನಿಕ್ ಒಬ್ಬರ ಬಳಿಗೆ ಒಯ್ದೆ. ಇದಕ್ಕೆ ರಸ್ತೆ ನೋಂದಣಿ ಇಲ್ಲ, ಓಡಿಸಿಕೊಂಡು ಹೋಗುವಂತಿಲ್ಲ. ಟೆಂಪೊ ಬಾಡಿಗೆ ಪ್ಯಾಡ್‌ಗಿಂತ ದುಬಾರಿಯಾಯಿತು. ಅವರು ಪೆಡಲ್ ಅನ್ನು ಎರಡು ಸಲ ಒತ್ತಿ, ಒತ್ತಿದ್ದನ್ನು ಒಂದು ನಿಮಿಷ ಹಾಗೆಯೇ ಹಿಡಿದರು. ಅದು ಮೆಲ್ಲಗೆ ಕೆಳಗಿಳಿಯಲಿಲ್ಲ, ಎಲ್ಲಿಯೂ ಆಯಿಲ್ ಸೋರಿರಲಿಲ್ಲ. “ಕಿಟ್ ಸರಿ ಇದೆ, ಸಾಹುಕಾರರೇ. ಸುಮ್ಮನೆ ರೊಕ್ಕ ಕಳೆಯಬೇಡಿ. ಕ್ಯಾಲಿಪರ್‌ನ ಪಿನ್ ನೋಡಿದ್ದೀರೇನು?” ಎಂದರು. ನೋಡಿರಲಿಲ್ಲ.

ಈ ಬಗೆಯ ಕ್ಯಾಲಿಪರ್‌ನಲ್ಲಿ ಪಿಸ್ಟನ್ ಒಂದೇ ಬದಿಗಿರುತ್ತದೆ. ಅದು ತನ್ನ ಕಡೆಯ ಪ್ಯಾಡನ್ನು ಡಿಸ್ಕಿಗೆ ಒತ್ತಿದೊಡನೆ ಇಡೀ ಕ್ಯಾಲಿಪರ್ ಎರಡು ಪಿನ್‌ಗಳ ಮೇಲೆ ಜಾರಿ, ಆಚೆಯ ಪ್ಯಾಡನ್ನು ಎಳೆದು ತರಬೇಕು. ನಮ್ಮದರಲ್ಲಿ ಪಿನ್‌ಗಳು ಜಾರುತ್ತಲೇ ಇರಲಿಲ್ಲ. ಸುತ್ತಿಗೆಯ ಏಟು ಬಿದ್ದ ಮೇಲೆ ಹೊರಬಂದವು. ಮೈತುಂಬ ತುಕ್ಕು, ರಬ್ಬರ್ ಬೂಟು ಹರಿದಿತ್ತು, ಒಳಗೆ ಎರೆಮಣ್ಣು ಒಣಗಿ ಇಟ್ಟಿಗೆಯಾಗಿತ್ತು. ಇದರಲ್ಲಿ, ಮೈಲುತುತ್ತ, ಸುಣ್ಣ ಬೆರೆಸಿ ಬಳ್ಳಿಗೆ ಹೊಡೆಯುವ ಬೋರ್ಡೋ ದ್ರಾವಣದ ಕೈವಾಡವೂ ಇದೆ. ಮೈಲುತುತ್ತ ಕಬ್ಬಿಣವನ್ನು ತಿನ್ನುತ್ತದೆ ಎಂದು ಅದನ್ನು ಪ್ಲಾಸ್ಟಿಕ್ ಡ್ರಮ್‌ನಲ್ಲಿ ಕಲಸುವ ನಾವೇ, ಅದೇ ದ್ರಾವಣ ಸೋರುವ ಕ್ಯಾನನ್ನು ಬ್ರೇಕಿನ ಮೇಲೆ ಹೇರಿಕೊಂಡು ತಿರುಗುತ್ತೇವೆ!

ಪಿನ್‌ಗಳನ್ನು ಪಾಲಿಶ್ ಪೇಪರಿನಿಂದ ಉಜ್ಜಿ, ಹೊಸ ಬೂಟು ಹಾಕಿ, ಸಿಲಿಕೋನ್ ಗ್ರೀಸ್ ಸವರಿದೆವು. ಗಾಲಿಗೆ ಹಾಕುವ ಗ್ರೀಸ್ ಇಲ್ಲಿ ಬೇಡ. ಅದಕ್ಕೆ ರಬ್ಬರ್ ಊದಿಕೊಂಡು ಪಿನ್ ಮತ್ತೆ ಬಿಗಿಯುತ್ತದೆ. ಹೊಳಪು ಹತ್ತಿದ್ದ ಪ್ಯಾಡನ್ನೂ ಅದೇ ಪೇಪರಿನ ಮೇಲೆ ತಿಕ್ಕಿದೆವು.

ಇನ್ನುಳಿದದ್ದು ಏರ್. ಗಾಳಿ ಮೇಲಕ್ಕೇರುವ ವಸ್ತು, ಆದ್ದರಿಂದ ನಿಪ್ಪಲ್ ಎಲ್ಲಕ್ಕಿಂತ ಮೇಲಿರಬೇಕು. ನಮ್ಮ ಗಾಡಿಯಲ್ಲಿ ಅದು ಓರೆಯಾಗಿ ಕೆಳಮುಖವಾಗಿದೆ. ಎಷ್ಟು ಪೆಡಲ್ ತುಳಿದರೂ ಮೂಲೆಯ ಗುಳ್ಳೆ ಅಲ್ಲಿಯೇ ಕುಳಿತಿರುತ್ತದೆ. ಕ್ಯಾಲಿಪರನ್ನು ಬಿಚ್ಚಿ, ಪಿಸ್ಟನ್ ಹೊರಗೆ ಹಾರದಂತೆ ಪ್ಯಾಡ್‌ಗಳ ನಡುವೆ ಡಿಸ್ಕಿನಷ್ಟೇ ದಪ್ಪದ ಕಟ್ಟಿಗೆ ಸಿಕ್ಕಿಸಿ, ನಿಪ್ಪಲ್ ಮೇಲೆ ಬರುವಂತೆ ಹಿಡಿದು, 8ರ ಪಾನಾದಿಂದ ಸಡಿಲಿಸಿ, ದೊಡ್ಡ ಸಿರಿಂಜಿನಿಂದ ಹೊಸ ಆಯಿಲನ್ನು ಕ್ಯಾಲಿಪರ್ ಕಡೆಯಿಂದಲೇ ಒತ್ತಿದೆವು. ಮಾಸ್ಟರ್ ಸಿಲಿಂಡರ್‌ನ ಡಬ್ಬಿಯಲ್ಲಿ ಗುಳ್ಳೆಗಳು ಬುಳಬುಳನೆ ಎದ್ದವು. ಅದಕ್ಕೂ ಮುಂಚೆ ಡಬ್ಬಿಯ ಹಳೆಯ ಆಯಿಲ್ ತೆಗೆದಿರಬೇಕು, ಇಲ್ಲವಾದರೆ ಉಕ್ಕಿ ಬಣ್ಣವನ್ನು ಸುಲಿಯುತ್ತದೆ. ನಮ್ಮದು ಜೋನಿ ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ನಾವು ಹಾಕುವ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಗಾಳಿಯಿಂದ ತೇವ ಹೀರುತ್ತದೆ. ಹೊಸದು ಕುದಿಯಲು ಕನಿಷ್ಠ 230 ಡಿಗ್ರಿ ಬೇಕು, ತೇವ ಹೀರಿದ್ದಕ್ಕೆ ನಿಗದಿಯಾದ ಕನಿಷ್ಠ ಮಿತಿ 155. ಡಾಟ್ 5 ಎಂಬುದು ಬೇರೆಯೇ ಜಾತಿಯ ಸಿಲಿಕೋನ್, ಇದರೊಂದಿಗೆ ಬೆರೆಸುವಂತಿಲ್ಲ.

ಮರುದಿನ ಬೇವಿನ ಮರದ ಹತ್ತಿರ ಲೆಕ್ಕ 8. “ಕಾಕಾ, ಗಾಲಿ ಜಾರಿದ ಗುರುತು ಬಿದ್ದಿದೆ” ಎಂದು ಹುಡುಗ ಕೂಗಿದ. ಮುಂದಿನ ಎಲ್ಲ ಹೋಲಿಕೆಗೂ ಆ ಗುರುತೇ ಮುಖ್ಯ. ಗಾಲಿ ಕಟ್ಟಿಕೊಂಡು ಜಾರತೊಡಗಿದ ಮೇಲೆ ಹಿಡಿತ ಟೈರಿನದು. ಪ್ಯಾಡ್ ಎಷ್ಟು ಬೆಲೆಯದಾದರೂ ಹೆಜ್ಜೆ ಕಡಿಮೆಯಾಗುವುದಿಲ್ಲ.

ನ್ಯಾಯಕ್ಕೆಂದು ಹಳೆಯ ರಬ್ಬರ್ ಪೈಪನ್ನೇ ಮತ್ತೆ ಹಾಕಿ, ಅದೇ ರೀತಿ ಏರ್ ತೆಗೆದು ನೋಡಿದೆ. ಮತ್ತೆ 8. ಪಾದಕ್ಕೆ ಮಾತ್ರ ಪೆಡಲ್ ಒಂದಿಷ್ಟು ಮೆತ್ತಗೆನಿಸಿತು. 1400 ರೂಪಾಯಿಗೆ ಕೊಂಡದ್ದು ಆ ಒಂದಿಷ್ಟನ್ನು. ರಾತ್ರಿಯಿಡೀ ಪೆಡಲ್ ಒತ್ತಿ ಹಗ್ಗ ಕಟ್ಟಿಡುವ ಉಪಾಯವನ್ನು ಹಿಂದೊಮ್ಮೆ ಮಾಡಿದ್ದೆ: ಬೆಳಿಗ್ಗೆ ಗಟ್ಟಿ, ಸಂಜೆಗೆ ಮತ್ತೆ ಮೆತ್ತಗೆ.

ಕೊನೆಯದು ಲೋಹದ ಪುಡಿಯಿಂದ ಮಾಡಿದ ಸಿಂಟರ್ಡ್ ಪ್ಯಾಡ್, 900 ರೂಪಾಯಿ. ಒಣ ದಾರಿಯಲ್ಲಿ ಅದೂ 8. ಬಳಿಕ ಗಾಡಿಯನ್ನು ಕಾಲುವೆಯ ನೀರಿನಲ್ಲಿ ದಾಟಿಸಿ, ಡಿಸ್ಕ್ ತೊಯ್ದಿರುವಾಗಲೇ ಒತ್ತಿ ನೋಡಿದೆವು. ಸಾದಾ ಪ್ಯಾಡ್‌ಗೆ 14 ಹೆಜ್ಜೆ, ಸಿಂಟರ್ಡ್‌ಗೆ 10. ಇದು ನಿಜವಾದ ವ್ಯತ್ಯಾಸ. ಆದರೆ ಇದು ಡಿಸ್ಕನ್ನೂ ಬೇಗ ಸವೆಸುತ್ತದೆ. ಡಿಸ್ಕಿನ ಮೇಲೆ ಕೆತ್ತಿರುವ ಕನಿಷ್ಠ ದಪ್ಪವನ್ನು ಆಗಾಗ ವರ್ನಿಯರ್ ಹಿಡಿದು ನೋಡಬೇಕು. ಬರೀ ಬೇಸಿಗೆಯಲ್ಲಿ ಓಡಿಸುವವರಿಗೆ ಅದರ ಖರ್ಚು ಬೇಡ. ಮಳೆಗಾಲದಲ್ಲಿಯೂ ಬಳ್ಳಿ ಕತ್ತರಿಸುವ ಅಕ್ಟೋಬರ್ ಚಾಟ್ನಿಯ ನಂತರದ ಸಿಂಪಡಣೆಯಲ್ಲಿಯೂ ಹಸಿ ಸಾಲುಗಳ ನಡುವೆ ತಿರುಗುವ ನನಗೆ ಬೇಕು, ಅದನ್ನೇ ಉಳಿಸಿಕೊಂಡಿದ್ದೇನೆ.

ಸ್ಟೀಲ್ ಪೈಪನ್ನೂ ಮತ್ತೆ ಹಾಕಿದ್ದೇನೆ, ಕೊಂಡದ್ದನ್ನು ಗೂಟಕ್ಕೆ ತೂಗುಹಾಕಲು ಮನಸ್ಸಾಗಲಿಲ್ಲ. ಅದರ ಹೆಣಿಗೆ ಚಾಸಿಯ ಬಣ್ಣವನ್ನು ಗರಗಸದಂತೆ ಉಜ್ಜುತ್ತದೆ. ತಾಗುವ ಜಾಗಕ್ಕೆ ಸೈಕಲ್ ಟ್ಯೂಬಿನ ತುಂಡು ಸುತ್ತಿದ್ದೇನೆ. ಬೋರ್ಡೋ ಹೊಡೆದ ಸಂಜೆ ಕ್ಯಾಲಿಪರ್ ಮೇಲೆ ಎರಡು ಕೊಡ ನೀರು ಸುರಿಯುವುದು ಹುಡುಗನ ಪಾಲಿನ ಕೆಲಸ, ಹೆಜ್ಜೆ ಎಣಿಸುವುದಕ್ಕಿಂತ ಇದು ಅವನಿಗೆ ಬೇಸರ.